ಸಮುದ್ರವಿಲ್ಲದ ಊರಿನ ಉಬ್ಬರ

ಕಾಸರಗೋಡಿನವರಿಗೆ ಉಬ್ಬರವಿಳಿತದ ಬಗ್ಗೆ ಹೊರಗಿನವರು ಪಾಠ ಹೇಳಬೇಕಾಗಿಲ್ಲ. ಬೇಸಗೆಯಲ್ಲಿ ಚಂದ್ರಗಿರಿ ಹೊಳೆ ಸೊರಗಿದಾಗ ಕಡಲಿನ ಉಪ್ಪುನೀರು ಉಬ್ಬರದ ಬೆನ್ನೇರಿ ಒಳನಾಡಿಗೆ ಬರುವುದನ್ನೂ, ಆ ಉಪ್ಪನ್ನು ತಡೆಯಲು ಬಾವಿಕ್ಕರೆಯಲ್ಲಿ ವರ್ಷ ವರ್ಷವೂ ತಾತ್ಕಾಲಿಕ ಒಡ್ಡು ಕಟ್ಟುತ್ತಿದ್ದುದನ್ನೂ ನಾವೆಲ್ಲ ಕಂಡವರೇ. ಕನ್ನಡದಲ್ಲಿ ಉಬ್ಬರವೆಂದರೂ ಮಲಯಾಳದಲ್ಲಿ ವೇಲಿಯೇಟ್ಟವೆಂದರೂ ನಲ್ಲಿಯಲ್ಲಿ ಬಂದ ನೀರು ಉಪ್ಪೇ. ಒಂದು ಊರು ಬದುಕಲು ತಕ್ಕುದೋ ಅಲ್ಲವೋ ಎಂಬುದು ಆಕಾಶದ ಒಂದು ಸೆಳೆತವನ್ನೂ ಅವಲಂಬಿಸಿದೆ ಎಂಬ ಮಾತು ಆದ್ದರಿಂದ ನಮಗೆ ಹೊಸತೆನಿಸಬಾರದು. ಅದೇ ಮಾತನ್ನು ಇನ್ನಷ್ಟು ದೂರ, ನಕ್ಷತ್ರಗಳವರೆಗೆ ಒಯ್ಯುವುದು ಈ ಬರಹದ ಉದ್ದೇಶ.

ಬ್ಯಾಂಕಿನ ಕೆಲಸ ನನ್ನನ್ನು ತಂದು ಇಳಿಸಿದ್ದು ಕಲ್ಹೇರಿಗೆ. ತೆಲಂಗಾಣದ ನಾರಾಯಣಖೇಡದ ಸೀಮೆ ಇದು. 1956ರ ನವೆಂಬರ್ 1ರವರೆಗೆ ನಾರಾಯಣಖೇಡ ಬೀದರ ಜಿಲ್ಲೆಯಲ್ಲಿತ್ತು; ಅದೇ ದಿನ ಕಾಸರಗೋಡು ದಕ್ಷಿಣ ಕನ್ನಡದಿಂದ ಕೇರಳಕ್ಕೆ ಹೋಯಿತು. ಹೀಗಾಗಿ ಇಲ್ಲಿ ಕನ್ನಡದ ಒಂದು ಮಾತು ಕಿವಿಗೆ ಬಿದ್ದರೆ ನೆಂಟರನ್ನು ಕಂಡಂತಾಗುತ್ತದೆ. ಆದರೆ ಕಡಲು ಮಾತ್ರ ಯಾವ ದಿಕ್ಕಿಗೆ ಹೊರಟರೂ ನೂರಾರು ಕಿಲೋಮೀಟರ್ ದೂರ. ನನ್ನ ಜೊತೆಗಿರುವ ಅಮ್ಮ ಮೊದಲ ವಾರವೇ “ಇದೆಂತ ಊರು ಮಾರಾಯ, ಏರುವುದೂ ಇಲ್ಲ, ಇಳಿಯುವುದೂ ಇಲ್ಲ” ಎಂದಿದ್ದರು.

ಇಂಟರ್‌ಮೀಡಿಯೆಟ್ ಓದುತ್ತಿರುವ ಮಗಳು ಒಂದು ರಾತ್ರಿ ಇದಕ್ಕೆ ಉತ್ತರ ಕೊಟ್ಟಳು. “ಅಜ್ಜೀ, ಇಲ್ಲಿಯೂ ಏರುತ್ತದೆ. ನೀರಲ್ಲ, ನೆಲ!” ಚಂದ್ರ ಸೂರ್ಯರ ಸೆಳೆತಕ್ಕೆ ಗಟ್ಟಿ ನೆಲವೂ ದಿನಕ್ಕೆರಡು ಸಲ ಉಬ್ಬಿ ಇಳಿಯುತ್ತದೆ, ನಮ್ಮಂಥ ಉಷ್ಣವಲಯದ ನಾಡಿನಲ್ಲಿ ಅದು ಒಂದು ಅಡಿಯ ಆಸುಪಾಸು. ಮನೆ, ಮರ, ರಸ್ತೆ ಎಲ್ಲವೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದರಿಂದ ಯಾರಿಗೂ ತಿಳಿಯುವುದಿಲ್ಲ. ನಾನು ಕುಳಿತು ನೋಟು ಎಣಿಸುವ ಕೌಂಟರು ಕೂಡ ಏರುತ್ತಿದೆಯೆಂದು ಕೇಳಿ ನನಗೆ ಮೈ ಜುಮ್ಮೆಂದಿತು. ನಾನು ಓದಿದ್ದು ಬಿ.ಎ.; ವಿಜ್ಞಾನವೇನಿದ್ದರೂ ಮಗಳ ಪುಸ್ತಕಗಳಿಂದ ಕಡ ತಂದದ್ದು. ಆದರೂ ಈ ಲೆಕ್ಕ ಗುಮಾಸ್ತನಿಗೆ ಹಿಡಿಸುವಂಥದ್ದೇ.

ಸೂರ್ಯನು ಭೂಮಿಯನ್ನು ಎಳೆಯುವ ಬಲ ಚಂದ್ರನದಕ್ಕಿಂತ ಸುಮಾರು 180 ಪಟ್ಟು ಹೆಚ್ಚು. ಹಾಗಿದ್ದೂ ಚಂದ್ರನ ಉಬ್ಬರ ಸೂರ್ಯನದಕ್ಕಿಂತ ಎರಡು ಪಟ್ಟಿಗೂ ಮಿಕ್ಕು. ಕಾರಣ ಸರಳ: ಉಬ್ಬರವೆಂಬುದು ಸೆಳೆತವಲ್ಲ, ಸೆಳೆತದ ವ್ಯತ್ಯಾಸ. ಭೂಮಿಯ ಈ ಮಗ್ಗುಲನ್ನು ಚಂದ್ರ ಎಷ್ಟು ಎಳೆಯುತ್ತಾನೆ, ಆ ಮಗ್ಗುಲನ್ನು ಎಷ್ಟು ಎಳೆಯುತ್ತಾನೆ, ಎರಡನ್ನೂ ಕಳೆದರೆ ಉಳಿಯುವ ಬಾಕಿಯೇ ಉಬ್ಬರ. ದೂರದ ಸೂರ್ಯನಿಗೆ ಎರಡು ಮಗ್ಗುಲೂ ಹೆಚ್ಚುಕಡಿಮೆ ಒಂದೇ; ಹತ್ತಿರದ ಚಂದ್ರನಿಗೆ ಹಾಗಲ್ಲ. ಅಂತರ ಅರ್ಧಕ್ಕಿಳಿದರೆ ಈ ಬಲ ಎಂಟು ಪಟ್ಟಾಗುತ್ತದೆ.

ಇದರಲ್ಲಿ ಜಮಾಖರ್ಚೂ ಉಂಟು. ಉಬ್ಬರದ ಉಜ್ಜಾಟದಿಂದ ಭೂಮಿಯ ಗಿರಕಿ ನಿಧಾನವಾಗಿ ಕುಂದುತ್ತಿದೆ. ಹಗಲಿರುಳಿನ ಅವಧಿ ಶತಮಾನಕ್ಕೆ ಸುಮಾರು 2 ಮಿಲಿಸೆಕೆಂಡಿನಷ್ಟು ಹಿಗ್ಗುತ್ತಿದೆ. ಭೂಮಿಯ ಖಾತೆಯಿಂದ ಹೋದದ್ದು ಚಂದ್ರನ ಖಾತೆಗೆ ಜಮೆಯಾಗಿ, ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಂತೆ ದೂರ ಸರಿಯುತ್ತಿದ್ದಾನೆ. 1969ರಿಂದ ಗಗನಯಾತ್ರಿಗಳು ಅಲ್ಲಿಟ್ಟು ಬಂದ ಕನ್ನಡಿಗಳಿಗೆ ಲೇಸರ್ ಕಿರಣ ಹಾಯಿಸಿ ಇದನ್ನು ಅಳೆಯುತ್ತಾರೆ. ಭೂಮಿ ಚಂದ್ರನ ಮೇಲೆ ಎಬ್ಬಿಸಿದ ಉಬ್ಬರವಾದರೋ ಆತನ ಗಿರಕಿಯನ್ನು ಎಂದೋ ಕಟ್ಟಿಹಾಕಿಬಿಟ್ಟಿದೆ. ಆದ್ದರಿಂದಲೇ ಆತ ನಮಗೆ ಸದಾ ಒಂದೇ ಮುಖ ತೋರಿಸುತ್ತಾನೆ. ಇಂಗ್ಲಿಷಿನಲ್ಲಿ ಇದು ಟೈಡಲ್ ಲಾಕಿಂಗ್. ಅಮ್ಮನಿಗೆ ತಿಳಿಯಲೆಂದು ಕನ್ನಡದ ಮಾತು ಹುಡುಕಿದೆ, “ಒಮ್ಮೊಗ” ಸಿಕ್ಕಿತು. ಶಾಲೆಯಲ್ಲಿ ಇಂಗ್ಲಿಷು, ಬೀದಿಯಲ್ಲಿ ತೆಲುಗು, ಮನೆಯಲ್ಲಿ ಕನ್ನಡ ಎಂದು ಬೆಳೆಯುವ ಮಕ್ಕಳಿಗೆ ಇಂಥ ಒಂದೊಂದು ಶಬ್ದವೂ ಬೇಕಾಗುತ್ತದೆ. ಇಲ್ಲದಿದ್ದರೆ ಮಕ್ಕಳು ಕಲಿತದ್ದು ಮನೆಯ ಹಿರಿಯರನ್ನು ಮುಟ್ಟುವುದೇ ಇಲ್ಲ.

ಇನ್ನು ದೂರದ ಲೋಕಗಳ ಮಾತು. ಸೂರ್ಯನಂಥ ಬೇರೊಂದು ನಕ್ಷತ್ರವನ್ನು ಸುತ್ತುವ ಗ್ರಹವನ್ನು ಮೊತ್ತಮೊದಲು ಕಂಡದ್ದು 1995ರಲ್ಲಿ. ಗುರುವಿನಂಥ ಆ ದೊಡ್ಡ ಗ್ರಹಕ್ಕೆ ವರ್ಷವೆಂದರೆ ನಾಲ್ಕು ದಿನ ಚಿಲ್ಲರೆ ಮಾತ್ರ. ನಕ್ಷತ್ರಕ್ಕೆ ಇಷ್ಟು ಹತ್ತಿರವಿರುವ ಗ್ರಹಗಳನ್ನು ಉಬ್ಬರವೇ ತಿದ್ದಿ ತೀಡುತ್ತದೆ. ಮೊದಲು ಗಿರಕಿಯನ್ನು ಕಟ್ಟಿಹಾಕಿ ಒಮ್ಮೊಗ ಮಾಡುತ್ತದೆ; ಬಳಿಕ ಉದ್ದನೆಯ ಕಕ್ಷೆಯನ್ನು ದುಂಡಗಾಗಿಸುತ್ತದೆ. 2019ರಲ್ಲಿ ಭಾರತಕ್ಕೆ ಒಂದು ನಕ್ಷತ್ರಕ್ಕೂ ಅದರ ಗ್ರಹಕ್ಕೂ ಹೆಸರಿಡುವ ಅವಕಾಶ ಸಿಕ್ಕಿದಾಗ ನಕ್ಷತ್ರಕ್ಕೆ ವಿಜ್ಞಾನಿ ಬಿಭಾ ಚೌಧುರಿಯವರ ನೆನಪಿಗೆ “ಬಿಭಾ” ಎಂದೂ, ಗ್ರಹಕ್ಕೆ “ಸಂತಮಸ” ಎಂದೂ ಹೆಸರಾಯಿತು. ಆ ಸಂತಮಸದ ವರ್ಷ 2.14 ದಿನ, ಕಕ್ಷೆ ಬಹುಮಟ್ಟಿಗೆ ದುಂಡು. ಹತ್ತಿರ ಇನ್ನೂ ಮಿತಿಮೀರಿದರೆ ಕಕ್ಷೆಯೇ ಕುಸಿಯುತ್ತದೆ. 2008ರಲ್ಲಿ ಕಂಡ ವಾಸ್ಪ್-12ಬಿ ಎಂಬ ಗ್ರಹದ ಒಂದು ಸುತ್ತಿನ ಅವಧಿ ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡಿನಂತೆ ಕಡಿಮೆಯಾಗುತ್ತಿದ್ದು, ಕೆಲವು ಮಿಲಿಯ ವರ್ಷಗಳಲ್ಲಿ ಅದು ತನ್ನ ನಕ್ಷತ್ರಕ್ಕೇ ಆಹುತಿಯಾಗಲಿದೆ.

ವಾಸಯೋಗ್ಯ ಲೋಕದ ಪ್ರಶ್ನೆ ತೊಡಕಾಗುವುದು ಇಲ್ಲಿಯೇ. ಆಕಾಶಗಂಗೆಯಲ್ಲಿ ಅತಿ ಹೆಚ್ಚಿರುವುದು ಸೂರ್ಯನಂಥವಲ್ಲ, ಸಣ್ಣ ಕೆಂಪು ನಕ್ಷತ್ರಗಳು. ಅವುಗಳ ಕಾವು ಕಡಿಮೆ. ನೀರು ನೀರಾಗಿ ಉಳಿಯಬೇಕಾದರೆ ಗ್ರಹವು ಒಲೆಯ ಬುಡಕ್ಕೇ ಸರಿದು ಕೂರಬೇಕು. ಹಾಗೆ ಕೂತರೆ ಉಬ್ಬರ ಹಿಡಿಯದೆ ಬಿಡದು. ಕುಂಭ ರಾಶಿಯಲ್ಲಿ, 40 ಜ್ಯೋತಿರ್ವರ್ಷಗಳಾಚೆ ಇರುವ ಟ್ರಾಪಿಸ್ಟ್-1 ಇದಕ್ಕೆ ಒಳ್ಳೆಯ ನಿದರ್ಶನ. 2016ರಲ್ಲಿ ಅದರ ಮೂರು ಗ್ರಹಗಳು ತಿಳಿದುಬಂದವು; 2017ರಲ್ಲಿ ಲೆಕ್ಕ ಏಳಕ್ಕೇರಿತು. ಏಳೂ ಗಾತ್ರದಲ್ಲಿ ಹೆಚ್ಚುಕಡಿಮೆ ಭೂಮಿಯಂಥವು. ಒಂದೂವರೆಯಿಂದ ಹತ್ತೊಂಬತ್ತು ದಿನಗಳೊಳಗೆ ಒಂದೊಂದು ಸುತ್ತು ಮುಗಿಸುವಂಥವು. 2016ರ ಆ ಶೋಧಕ್ಕೆ ಒದಗಿದ ದೂರದರ್ಶಕಗಳಲ್ಲಿ ಲಡಾಖಿನ ಹಾನ್ಲೆಯ ಹಿಮಾಲಯನ್ ಚಂದ್ರ ದೂರದರ್ಶಕವೂ ಒಂದು. ಸುಮಾರು 4500 ಮೀಟರ್ ಎತ್ತರದಲ್ಲಿರುವ ಆ 2 ಮೀಟರಿನ ಕನ್ನಡಿಯನ್ನು ಉಪಗ್ರಹದ ಮೂಲಕ ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ಹೊಸಕೋಟೆಯ ಹೆಸರು ಕೇಳಿ ಮಗಳ ಕಣ್ಣು ಅರಳಿದ್ದನ್ನು ನಾನು ನೋಡಿದೆ.

ಈ ಏಳೂ ಒಮ್ಮೊಗದ ಲೋಕಗಳಾಗಿರಬೇಕೆಂದು ತಜ್ಞರ ಅಂದಾಜು. ಒಂದು ಮಗ್ಗುಲಿಗೆ ಮುಗಿಯದ ಹಗಲು, ಇನ್ನೊಂದಕ್ಕೆ ಮುಗಿಯದ ಇರುಳು. ಇದನ್ನು ಕೇಳಿದ ಅಮ್ಮ ತುಸು ಹೊತ್ತು ಸುಮ್ಮನಿದ್ದು, “ಹಾಗಾದರೆ ಅಲ್ಲಿ ದೀಪ ಹೊತ್ತಿಸುವುದು ಯಾವಾಗ?” ಎಂದರು.

“ಬೆಳಕೂ ಕತ್ತಲೆಯೂ ಕೂಡುವ ಗಡಿಯಲ್ಲಿ ಯಾವಾಗಲೂ ಮುಸ್ಸಂಜೆಯೇ, ಅಜ್ಜೀ. ಅತಿ ಸೆಕೆಯೂ ಇಲ್ಲ, ಅತಿ ಚಳಿಯೂ ಇಲ್ಲ.”

“ಹಾಗಾದರೆ ಮನೆ ಕಟ್ಟುವುದಿದ್ದರೆ ಆ ಗಡಿಯಲ್ಲೇ ಕಟ್ಟಬೇಕು. ನಮಗೆ ಅಭ್ಯಾಸ ಉಂಟಲ್ಲ!”

ಅಮ್ಮ ತಮಾಷೆಗೆ ಹೇಳಿದರೂ ವಿಜ್ಞಾನಿಗಳೂ ಆ ಗಡಿಯನ್ನು ಗಂಭೀರವಾಗಿಯೇ ಲೆಕ್ಕಕ್ಕೆ ಹಿಡಿದಿದ್ದಾರೆ. ಸಾಕಷ್ಟು ಗಾಳಿಯಿದ್ದರೆ ಅದು ಹಗಲಿನ ಕಾವನ್ನು ಇರುಳಿನ ಮಗ್ಗುಲಿಗೆ ಹೊತ್ತೊಯ್ದು ಹಂಚಬಲ್ಲುದು. ಗಾಳಿ ತೀರ ತೆಳುವಾಗಿದ್ದರೆ ಇರುಳಿನ ಮಗ್ಗುಲಲ್ಲಿ ಗಾಳಿಯೇ ಹೆಪ್ಪುಗಟ್ಟಿ ನೆಲಕ್ಕೆ ಬೀಳಬಹುದು. ಕೆಂಪು ನಕ್ಷತ್ರಗಳು ಆಗಾಗ ಉಗುಳುವ ಜ್ವಾಲೆ ಆ ಗಾಳಿಯನ್ನು ಕಿತ್ತೊಯ್ಯುವ ಭಯವೂ ಇದೆ. 2023ರಲ್ಲಿ ಜೇಮ್ಸ್ ವೆಬ್ ದೂರದರ್ಶಕ ನೋಡಿದಾಗ ಟ್ರಾಪಿಸ್ಟ್-1ರ ಅತಿ ಒಳಗಿನ ಎರಡು ಗ್ರಹಗಳಲ್ಲಿ ದಟ್ಟ ವಾಯುಮಂಡಲದ ಗುರುತು ಸಿಗಲಿಲ್ಲ. ಹೊರಗಿನವುಗಳ ಬಗ್ಗೆ ಆಸೆ ಇನ್ನೂ ಬತ್ತಿಲ್ಲ. ಒಮ್ಮೊಗವೂ ಅನಿವಾರ್ಯವಲ್ಲ. ನಮ್ಮ ಬುಧನನ್ನೇ ನೋಡಿ: ಸೂರ್ಯನನ್ನು ಎರಡು ಸಲ ಸುತ್ತುವಷ್ಟರಲ್ಲಿ ಮೂರು ಗಿರಕಿ ಹೊಡೆದು ಎಲ್ಲ ಮಗ್ಗುಲಿಗೂ ಬಿಸಿಲು ಕಾಯಿಸಿಕೊಳ್ಳುತ್ತಾನೆ.

ಹಾಗೆಂದು ಉಬ್ಬರವನ್ನು ಶತ್ರುವೆಂದು ಬಗೆಯಬಾರದು. ಗುರುವಿನ ಚಂದ್ರ ಅಯೋ ಗುರುವನ್ನು ಸುತ್ತುವ ಕಕ್ಷೆ ಪೂರಾ ದುಂಡಗಾಗದಂತೆ ನೆರೆಯ ಯುರೋಪಾ, ಗ್ಯಾನಿಮೀಡ್ ಎಳೆಯುತ್ತಿರುತ್ತವೆ. ಆದ್ದರಿಂದ ಗುರುವಿನ ಸೆಳೆತ ಏರಿ ಇಳಿದು ಅಯೋದ ಒಡಲನ್ನು ನಾದುತ್ತಲೇ ಇರುತ್ತದೆ. ನಾದಿದಷ್ಟೂ ಕಾವು. ಅಲ್ಲಿ ಜ್ವಾಲಾಮುಖಿಗಳಿರಬಹುದೆಂದು 1979ರ ಮಾರ್ಚಿನಲ್ಲಿ ಮೂವರು ವಿಜ್ಞಾನಿಗಳು ಲೆಕ್ಕ ಹಾಕಿ ಪ್ರಕಟಿಸಿದರು. ಕೆಲವೇ ದಿನಗಳಲ್ಲಿ ವೋಯೇಜರ್-1 ಅವುಗಳ ಚಿತ್ರವನ್ನೇ ಕಳಿಸಿತು. ಅದೇ ನಾದುವಿಕೆ ತುಸು ಮೆಲ್ಲಗೆ ನಡೆಯುವ ಯುರೋಪಾದಲ್ಲಿ ಮಂಜುಗಡ್ಡೆಯ ಕೆಳಗೆ ಕಡಲು ಹೆಪ್ಪುಗಟ್ಟದೆ ಉಳಿದಿದೆಯೆಂದು ನಂಬಲು ಬಲವಾದ ಕಾರಣಗಳಿವೆ. ಅದನ್ನು ನೋಡಿಬರಲು 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ ನೌಕೆ 2030ರಲ್ಲಿ ಗುರುವನ್ನು ತಲುಪಬೇಕು. ಒಂದು ಕಡೆ ಗ್ರಹವನ್ನು ನುಂಗಿಸುವ ಬಲ ಇನ್ನೊಂದು ಕಡೆ ಸೂರ್ಯನ ಬಿಸಿಲು ಸಾಲದ ಲೋಕದಲ್ಲೂ ನೀರನ್ನು ಕಾಪಾಡುತ್ತದೆ. ಬಲ ಒಂದೇ, ಒಳಿತು ಕೆಡುಕೆಲ್ಲ ಅಂತರದ ಲೆಕ್ಕ.

ಮನೆಯೊಳಗೂ ಈಗ ಇಂಥದೇ ಒಂದು ಲೆಕ್ಕ ನಡೆದಿದೆ. ಮಗಳಿಗೆ ಭೌತಶಾಸ್ತ್ರ ಓದುವಾಸೆ. ಊರಿನಿಂದ ಫೋನು ಮಾಡುವ ಬಂಧುಗಳೆಲ್ಲ ಕೇಳುವುದು, “ಎಂಜಿನಿಯರಿಂಗ್ ಬಿಟ್ಟು ಅದನ್ನು ಓದಿ ಎಂತ ಮಾಡುವುದು? ಅವಳಪ್ಪನಾದರೂ ಹೇಳಬಾರದಾ?” ತಿಂಗಳ ಸಂಬಳ ಎಣಿಸಿ ಬದುಕುವವನಿಗೆ ಆ ಪ್ರಶ್ನೆ ಸುಳ್ಳೆಂದು ತಳ್ಳುವ ಧೈರ್ಯವಿಲ್ಲ. ಹತ್ತಿರದವರ ಸೆಳೆತವೇ ಹೆಚ್ಚು, ಅದೂ ಪ್ರೀತಿಯ ಸೆಳೆತ. ಆದರೆ ಮಗಳು ಎಲ್ಲ ಕಾಲಕ್ಕೂ ನಮ್ಮ ಕಡೆಗೇ ಮುಖ ಮಾಡಿರಬೇಕೆಂದು ಬಯಸುವುದು ನ್ಯಾಯವೇ? ಅವಳಿಗೂ ತನ್ನ ಗಿರಕಿ ಬೇಡವೇ?

ಕಳೆದ ವಾರ ಅರ್ಜಿ ತಂದು ಮುಂದಿಟ್ಟಳು. ಮೊದಲ ಆಯ್ಕೆಯ ಜಾಗದಲ್ಲಿ ಭೌತಶಾಸ್ತ್ರವೆಂದಿತ್ತು. ಅಮ್ಮ ಕನ್ನಡಕ ಹಾಕಿಕೊಂಡು ಅದನ್ನು ಎರಡು ಸಲ ನೋಡಿದರು. ಪೋಷಕರ ಸಹಿಯ ಜಾಗದಲ್ಲಿ ನಾನು ಸಹಿ ಹಾಕಿದೆ.