ತುಳಿದ್ರೆ ಬರುತ್ತೆ ಸಾರ್!

ಅಳಿಯನಿಗೆ ಸೈಕಲ್ಲು ಕೊಡುವ ಮಾತು ಬಂದರೆ ‘ಡೈನಮೋ ಸಮೇತ’ ಎಂದು ಒತ್ತಿ ಹೇಳುತ್ತಿದ್ದ ಕಾಲವೊಂದಿತ್ತು. ಹಿಂದಿನ ಗಾಲಿಯ ಪಕ್ಕ ಕೂತಿರುತ್ತಿದ್ದ ಆ ಸೀಸೆಯಾಕಾರದ ಯಂತ್ರದ ತಲೆಯನ್ನು ಟೈರಿಗೆ ಒರಗಿಸಿ ಪೆಡಲ್ ತುಳಿದರೆ ಮುಂದೆ ಬೆಳಕು. ಒಳಗಿದ್ದದ್ದು ಬಲು ಸರಳ: ನಡುವೆ ತಿರುಗುವ ಅಯಸ್ಕಾಂತ, ಸುತ್ತ ಅಲ್ಲಾಡದ ತಾಮ್ರದ ಸುರುಳಿ. 6 ವೋಲ್ಟು, 3 ವಾಟು. ಅಷ್ಟರಲ್ಲೇ ನಾವು ಊರಿಗೆಲ್ಲ ಬೆಳಕು ಕೊಟ್ಟವರಂತೆ ಬೀಗುತ್ತಿದ್ದೆವು.

ಬೆಳಕಿನ ಸ್ವಭಾವ ಮಾತ್ರ ವಿಚಿತ್ರ. ನಿಧಾನವಾಗಿ ಹೋದರೆ ಮಿಣಮಿಣ ಎನ್ನುತ್ತಿತ್ತು. ಸುರುಳಿಯ ಮುಂದೆ ಉತ್ತರ ಧ್ರುವ ಹೋಗಿ ದಕ್ಷಿಣ ಧ್ರುವ ಬಂದಾಗಲೆಲ್ಲ ಕರೆಂಟು ದಿಕ್ಕು ಬದಲಿಸುತ್ತದೆ. ನಡುನಡುವೆ ಅದು ಸೊನ್ನೆಗಿಳಿಯುವುದು ಕಣ್ಣಿಗೇ ಕಾಣುತ್ತಿತ್ತು. ಏರಿನಲ್ಲಿ ಕಾಲು ಸೋತಷ್ಟೂ ದೀಪ ಮಂಕಾಗಿ ಗುಂಡಿಗಳೆಲ್ಲ ಮಾಯ. ಇಳಿಜಾರಿನಲ್ಲಿ ಒಂದೊಂದು ಗುಂಡಿಯೂ ಝಗಮಗ, ಆದರೆ ತಪ್ಪಿಸಿಕೊಳ್ಳಲು ಪುರುಸೊತ್ತಿಲ್ಲ.

ಆಗ ಲೈಟಿಲ್ಲದ ಸೈಕಲ್ಲಿಗೆ ದಂಡ. ಒಂದು ರಾತ್ರಿ ಸರ್ಕಲ್ಲಿನಲ್ಲಿ ಪೊಲೀಸಪ್ಪ ಕೈ ಅಡ್ಡ ಹಾಕಿದ. ಬ್ರೇಕ್ ಹಿಡಿದೆ. ದೀಪ ಆರಿತು.

“ಎಲ್ಲೋ ಲೈಟು?”

“ಇದೆ ಸಾರ್. ತುಳಿದ್ರೆ ಬರುತ್ತೆ.”

“ನಿಂತ್ರೆ ಯಾಕೆ ಬರಲ್ಲ?”

ಇದನ್ನು ಸಾಮಾನ್ಯ ಪ್ರಶ್ನೆ ಎಂದುಕೊಳ್ಳಬೇಡಿ. 1820ರಲ್ಲಿ ಕೋಪನ್‌ಹೇಗನ್ನಿನ ಅರ್ಸ್ಟೆಡ್, ಕರೆಂಟು ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ಹೊರಳುವುದನ್ನು ಕಂಡ. ಕರೆಂಟಿನಿಂದ ಅಯಸ್ಕಾಂತ ಹುಟ್ಟುವುದಾದರೆ ಅಯಸ್ಕಾಂತದಿಂದ ಕರೆಂಟು ಏಕೆ ಹುಟ್ಟಬಾರದು? ಲಂಡನ್ನಿನಲ್ಲಿ ಇದರ ಬೆನ್ನು ಹತ್ತಿದ ಮೈಕೆಲ್ ಫ್ಯಾರಡೆ ಕಮ್ಮಾರನ ಮಗ, ಪುಸ್ತಕ ಬೈಂಡು ಮಾಡಲು ಕಲಿತವನು. ಅವನಿಗೆ ಉತ್ತರ ಸಿಕ್ಕಿದ್ದು 1831ರಲ್ಲಿ. ಆಗಸ್ಟ್ 29ರಂದು ಕಬ್ಬಿಣದ ಬಳೆಗೆ ಎರಡು ಸುರುಳಿ ಸುತ್ತಿ ಒಂದಕ್ಕೆ ಬ್ಯಾಟರಿ ಕೊಟ್ಟ. ಕೊಟ್ಟ ಕ್ಷಣ ಇನ್ನೊಂದರ ಕಡೆಯ ಮುಳ್ಳು ಹಾರಿತು, ತೆಗೆದ ಕ್ಷಣ ಮತ್ತೆ ಹಾರಿತು, ನಡುವೆ ಸುಮ್ಮನಿತ್ತು. ಅಕ್ಟೋಬರ್ 17ರಂದು ಸುರುಳಿಯೊಳಕ್ಕೆ ಅಯಸ್ಕಾಂತವನ್ನೇ ತೂರಿಸಿ ಎಳೆದ. ಆಗಲೂ ಅದೇ ಕಥೆ. ಅಯಸ್ಕಾಂತ ಇದ್ದರಷ್ಟೇ ಸಾಲದು, ಅದರ ಪ್ರಭಾವ ಬದಲಾಗುತ್ತಲೇ ಇರಬೇಕು. ಪೊಲೀಸಪ್ಪ ಕೇಳಿದ್ದು ಫ್ಯಾರಡೆಯ ಪ್ರಶ್ನೆಯನ್ನೇ.

ನಾನು ಸ್ಟ್ಯಾಂಡ್ ಹಾಕಿ ಕೈಯಲ್ಲೇ ಪೆಡಲ್ ತಿರುಗಿಸಿದೆ. ಬೆಳಕು ಅವನ ಮೀಸೆಯ ಮೇಲೆ ಬಿತ್ತು. ಅನುಮಾನ ಹೋಗದೆ ತಾನೂ ಬಗ್ಗಿ ತಿರುಗಿಸಿದ. ಬೇಗ, ನಿಧಾನ, ಮತ್ತೆ ಬೇಗ. “ಬಿಗಿಯಾಗೈತಲ್ಲ!” ಎಂದ. ಅದು ರಷ್ಯಾದ ಲೆನ್ಝ್ 1834ರಲ್ಲಿ ಹೇಳಿದ ನಿಯಮ: ಹುಟ್ಟಿದ ಕರೆಂಟು ತನ್ನನ್ನು ಹುಟ್ಟಿಸಿದ ಚಲನೆಗೇ ಅಡ್ಡ ನಿಲ್ಲುತ್ತದೆ. ಟೈರಿನ ಉಜ್ಜಾಟದ ಪಾಲೂ ಇತ್ತೆನ್ನಿ. ಆದರೂ ಬಲ್ಬು ಸುಟ್ಟ ರಾತ್ರಿ ಸೈಕಲ್ಲು ಹಗುರವಾಗುತ್ತಿದ್ದುದು ತೊಡೆಗೆ ಚೆನ್ನಾಗಿ ಗೊತ್ತಿತ್ತು. ಹಗುರವಾಗಿ ಹೋಗಿ ಚರಂಡಿಗೆ ಬೀಳಬಹುದಿತ್ತು.

ನಮ್ಮ ನಾಡಿಗೆ ಕರೆಂಟು ಬಂದದ್ದೂ ಇದೇ ದಾರಿಯಲ್ಲಿ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತು ಹೊರಟಾಗ ಪೆಡಲ್ ತುಳಿದವಳು ಕಾವೇರಿ. 1905ರಲ್ಲಿ ಬೆಂಗಳೂರಿನ ಬೀದಿಗೆ ದೀಪ ಬಂದದ್ದೂ ಅವಳ ದುಡಿಮೆಯಿಂದಲೇ. ತುಳಿಯುವವರು ಕಣ್ಣಿಗೆ ಬೀಳದ ಊರಿನಲ್ಲಿ ಬೆಳಕು ಪುಕ್ಕಟೆ ಎನಿಸತೊಡಗುತ್ತದೆ. ಹಾಗಾಗಿ ಖಾಲಿ ಕೋಣೆಯ ಲೈಟು ಕಂಡರೆ ನನಗೆ ಈಗಲೂ ತೊಡೆ ನೋಯುತ್ತದೆ. ಒಂದೊಂದೇ ಸ್ವಿಚ್ಚು ಆರಿಸುತ್ತ ಹೋಗುತ್ತೇನೆ. ಮನೆಯವರ ಲೆಕ್ಕದಲ್ಲಿ ಇದಕ್ಕೆ ಜಿಪುಣತನ ಎಂದು ಹೆಸರು.

ಮೊನ್ನೆ ಮಗಳ ಎಲೆಕ್ಟ್ರಿಕ್ ಸ್ಕೂಟರಿನಲ್ಲಿ ಹಿಂದೆ ಕೂತಿದ್ದೆ. ಇಳಿಜಾರಿನಲ್ಲಿ ಕೈ ಸಡಿಲ ಬಿಟ್ಟಳು. ಯಾರೋ ಹಿಂದಿನಿಂದ ಹಿಡಿದೆಳೆದ ಹಾಗಾಯಿತು. “ಮೋಟರೇ ಈಗ ಬ್ಯಾಟರಿ ಚಾರ್ಜ್ ಮಾಡ್ತಿದೆ ಅಪ್ಪ” ಎಂದಳು. ನಾನು ಹಿಗ್ಗಿ ಹೋದೆ. ಇದು ನಮ್ಮ ಡೈನಮೋನೇ, ಎಳೆಯುತ್ತಿರುವುದು ಲೆನ್ಝನೇ ಎಂದು ಮನೆ ತಲುಪುವವರೆಗೂ ಉಪನ್ಯಾಸ ಕೊಟ್ಟೆ. ಅದೇ ಉತ್ಸಾಹದಲ್ಲಿ ಹಜಾರದ ಲೈಟು ಆರಿಸಿ, “ಎಲ್ಲೋ ಯಾರೋ ತುಳೀತಿರ್ತಾರೆ ಕಣಮ್ಮ” ಎಂದೆ.

“ಮಹಡಿ ಮೇಲೆ ಸೋಲಾರ್ ಹಾಕಿಸಿದ್ದು ನೀನೇ ಅಲ್ವಾ? ಅದ್ರಲ್ಲಿ ಅಯಸ್ಕಾಂತ ಎಲ್ಲಿದೆ, ಗಾಲಿ ಎಲ್ಲಿದೆ? ಯಾರು ತುಳೀತಾರಪ್ಪ?”

ನಿಜ. ಬಿಸಿಲು ಬಿದ್ದರೆ ಸಾಕು, ಆ ಹಲಗೆಯೊಳಗೆ ಏನೂ ತಿರುಗದೆ ಕರೆಂಟು ಹುಟ್ಟುತ್ತದೆ. ಫ್ಯಾರಡೆ, ಲೆನ್ಝ್ ಇಬ್ಬರೂ ನನ್ನನ್ನು ನಡುಮನೆಯಲ್ಲೇ ಕೈಬಿಟ್ಟರು. ಅವಳು ಲೈಟು ಹಾಕಿದಳು. ಅವಳು ಒಳಗೆ ಹೋದ ಮೇಲೆ ನಾನು ಮತ್ತೆ ಆರಿಸಿದೆ. ಈ ತೊಡೆ ಓದಿದ ಪಾಠಪುಸ್ತಕದಲ್ಲಿ ಸೋಲಾರ್ ಇರಲಿಲ್ಲ.