ತೋಳು ಮಡಚದ ಮಗ

ಸಿರಿಗೇರಿಯ ಬೇಸಿಗೆಯಲ್ಲಿ ಮಕ್ಕಳು ತುಂಬುತೋಳಿನ ಅಂಗಿ ತೊಡುವುದು ಅಪರೂಪ. ಒಂಬತ್ತನೇ ತರಗತಿಯ ನಮ್ಮ ಮಗ ಮಾತ್ರ ಅದನ್ನು ಬಿಡುತ್ತಿರಲಿಲ್ಲ. ವುಝೂ ಮಾಡಲು ಎಲ್ಲರೂ ಎದ್ದುಹೋಗುವ ತನಕ ಕಾಯುತ್ತಿದ್ದ. ಒಂದು ಸಂಜೆ ಮಗ್ರಿಬ್‌ಗೆ ಮುನ್ನ ಅವನ ಮುಂಗೈ ನಮ್ಮ ಕಣ್ಣಿಗೆ ಬಿತ್ತು. ಆ ಗಾಯಗಳನ್ನು ಅವನೇ ಮಾಡಿಕೊಂಡಿದ್ದ.

"ಇದು ಹರಾಮ್ ಎಂದು ಗೊತ್ತಿಲ್ಲವೇ?" ಎಂಬುದೇ ನಮ್ಮ ಮೊದಲ ಮಾತಾಯಿತು. ಅವನು ತೋಳು ಇಳಿಸಿಕೊಂಡು ಮೌನವಾದ. ಮೂರನೆಯ ರಾತ್ರಿ, "ಅಮ್ಮಿ, ಶಾಲೆಯಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ" ಎಂದು ಬಾಯಿಬಿಟ್ಟ. ಅವನಿಗೆ ಮಾತು ತೊದಲುತ್ತದೆ. ತರಗತಿಯವರು ಕರೆಯುತ್ತಿದ್ದ ಅಡ್ಡಹೆಸರನ್ನು ಕೇಳಿ ನಾವು ತಲೆತಗ್ಗಿಸಿದೆವು. ಅದು ಹುಟ್ಟಿದ್ದು ನಮ್ಮ ಮನೆಯಲ್ಲೇ. ಮುದ್ದಿಗೆಂದು ನಾವೇ ಕರೆದು ನಕ್ಕಿದ್ದೆವು.

ಅಪಹಾಸ್ಯವನ್ನೂ ಅಡ್ಡಹೆಸರುಗಳಿಂದ ಕರೆಯುವುದನ್ನೂ ಪವಿತ್ರ ಕುರ್‌ಆನ್ ಅಲ್ ಹುಜುರಾತ್ ಅಧ್ಯಾಯದ 11ನೇ ಸೂಕ್ತದಲ್ಲಿ ನಿಷೇಧಿಸಿದೆ. ಎಷ್ಟೋ ಬಾರಿ ಓದಿದ್ದೆವು, ನಮ್ಮ ಮನೆಗೆ ಅನ್ವಯಿಸಿರಲಿಲ್ಲ. ನಾವು ಮಗನಲ್ಲಿ ಕ್ಷಮೆ ಕೇಳಿದೆವು.

ಪ್ರಾಣವು ಅಲ್ಲಾಹನ ಅಮಾನತ್ತು ಎಂಬುದು ನಿಜ. ಆದರೆ ನೊಂದ ಮಗುವಿಗೆ ತೀರ್ಪಿಗಿಂತ ಮೊದಲು ಆಲಿಸುವ ಕಿವಿ ಬೇಕು. ಸಾಕಿದ ಹಕ್ಕಿ ಸತ್ತು ದುಃಖದಲ್ಲಿದ್ದ ಪುಟ್ಟ ಅಬೂ ಉಮೈರ್‌ನನ್ನು ಪ್ರವಾದಿವರ್ಯರು(ಸ) ಆ ಹಕ್ಕಿಯ ವಿಚಾರ ಕೇಳಿಯೇ ಮಾತನಾಡಿಸಿದ್ದರು.

ಮನೋವೈದ್ಯರ ಬಳಿ ಹೋದರೆ ಜನ ಏನೆಂದಾರು ಎಂಬ ಅಳುಕೂ ನಮಗಿತ್ತು. ಪ್ರವಾದಿ ಮೂಸಾ(ಅ) ನಾಲಗೆಯ ಗಂಟು ಬಿಡಿಸುವಂತೆ ಪ್ರಾರ್ಥಿಸಿದರು. ಜೊತೆಗೆ ಸಹೋದರ ಹಾರೂನರ(ಅ) ನೆರವನ್ನೂ ಬೇಡಿದರು. ದುಆ ಮಾಡುವವನು ನೆರವು ಕೇಳಲು ನಾಚಬೇಕಿಲ್ಲ. ಬಳ್ಳಾರಿಯವರಿಗಂತೂ ಆ ಸಂಕೋಚ ಸಲ್ಲದು. 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ನಮ್ಮ ಜಿಲ್ಲೆಯಲ್ಲೇ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ನೀಡಿ, ಮನೋರೋಗದ ಚಿಕಿತ್ಸೆಯನ್ನು ಹಳ್ಳಿಗಳಿಗೆ ತಂದಿತು. ಆ 'ಬಳ್ಳಾರಿ ಮಾದರಿ'ಯೇ 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅಡಿಪಾಯವಾಯಿತು. 2022ರಿಂದ ಟೆಲಿ ಮಾನಸ್ ಸಹಾಯವಾಣಿಯೂ ಇದೆ. 14416ಕ್ಕೆ ಹಗಲಿರುಳು ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ವೈದ್ಯರು ಮಗನ ಮಾತನ್ನು ಸಾವಧಾನದಿಂದ ಕೇಳಿದರು. ಅಪಾಯಕರ ವಸ್ತುಗಳನ್ನು ಅವನ ಕೈಗೆಟಕದಂತೆ ಇಡಲು, ಅವನನ್ನು ಒಂಟಿಯಾಗಿ ಬಿಡದಿರಲು ನಮಗೆ ತಿಳಿಸಿದರು. ಶಿಕ್ಷಕರು ತರಗತಿಯೊಡನೆ ಮಾತನಾಡಿದರು. ಎಲ್ಲವೂ ಸರಿಹೋಯಿತೆಂದು ಹೇಳಲಾರೆವು. ಆದರೆ ಈಗ ಅವನನ್ನು ಪೂರ್ಣ ಹೆಸರಿನಿಂದ ಕರೆಯುತ್ತೇವೆ. ತೊದಲಿದರೆ ಮಾತು ಮುಗಿಯುವ ತನಕ ಕಾಯುತ್ತೇವೆ. ಮೊನ್ನೆ ವುಝೂ ಮಾಡುವಾಗ ಅವನು ನಮ್ಮ ಪಕ್ಕದಲ್ಲೇ ಕುಳಿತು ತೋಳು ಮಡಚಿದ.

ನಮ್ಮೆಲ್ಲರ ಮಕ್ಕಳ ಮನಸ್ಸಿಗೆ ಅಲ್ಲಾಹನು ನೆಮ್ಮದಿಯನ್ನೂ, ನಮಗೆ ಅವರನ್ನು ಆಲಿಸುವ ಸಹನೆಯನ್ನೂ ಕರುಣಿಸಲಿ. ಆಮೀನ್.