ಸೈಗಾನಿನ ನುಚ್ಚಕ್ಕಿಯ ಊಟ

ನುಚ್ಚೆಂದರೆ ನಮ್ಮ ಮನೆಗಳಲ್ಲಿ ಎರಡನೆಯ ಪಂಕ್ತಿಯ ವಸ್ತು. ಬತ್ತವನ್ನು ಕುಟ್ಟಿ, ಮೊರದಲ್ಲಿ ಕೇರಿ, ಇಡಿಯ ಅಕ್ಕಿಯನ್ನು ಡಬ್ಬಕ್ಕೆ ತುಂಬಿದ ಮೇಲೆ ಉಳಿದ ಮುರುಕು ಕಾಳು ಗಂಜಿಗೋ ಕೋಳಿಗಳ ಪಾಲಿಗೋ ಸಲ್ಲುತ್ತದೆ. ಅತಿಥಿಯ ಎಲೆಗೆ ನುಚ್ಚಿನ ಅನ್ನವನ್ನು ಬಡಿಸುವ ಗೃಹಿಣಿಯನ್ನು ನಾವಂತೂ ಕಂಡಿಲ್ಲ. ಹೀಗಿರಲು ಒಂದು ಮಹಾನಗರವು ಅದನ್ನೇ ತನ್ನ ಹೆಮ್ಮೆಯ ಊಟವೆಂದು ಪರದೇಶದವರ ಮುಂದಿಡುವುದೆಂದರೆ ವಾಚಕರಿಗೆ ಸೋಜಿಗವಾದೀತು. ಆ ನಗರವು ವಿಯೆಟ್ನಾಮ್ ದೇಶದ ದಕ್ಷಿಣಭಾಗದ ಸೈಗಾನ್. 1976ರಲ್ಲಿ ಅದಕ್ಕೆ ಹೋ ಚಿ ಮಿನ್ ನಗರವೆಂದು ಹೆಸರಾಯಿತು; ಆದರೂ ಊರಿನವರ ಬಾಯಲ್ಲಿ ಹಳೆಯ ಹೆಸರು ಅಳಿದಿಲ್ಲ.

ಆ ಊಟಕ್ಕೆ ಅವರು 'ಕಮ್ ತಮ್' ಎನ್ನುತ್ತಾರೆ. 'ಕಮ್' ಎಂದರೆ ಅನ್ನ, 'ತಮ್' ಎಂದರೆ ನುಚ್ಚು. ಊಟಕ್ಕೂ ಅವರ ಭಾಷೆಯಲ್ಲಿ 'ಕಮ್' ಎಂದೇ ಹೆಸರು. ಎದುರಿಗೆ ಸಿಕ್ಕವರನ್ನು 'ಅನ್ನವನ್ನು ಉಂಡಿರಾ' ಎಂದು ಕೇಳುವುದು ಅವರ ಕುಶಲಪ್ರಶ್ನೆ. 'ಊಟವಾಯಿತೆ' ಎಂದು ಮಾತು ತೆಗೆಯುವ ನಮಗೆ ಅಂತಹ ದೇಶವು ಪರದೇಶವೆನ್ನಿಸುವುದು ಕಷ್ಟ. ಮೆಕಾಂಗ್ ನದಿಯು ಸಮುದ್ರವನ್ನು ಸೇರುವ ಬಯಲಿನಲ್ಲಿ ಬತ್ತವನ್ನು ಬೆಳೆಯುವ ಬಡವರು ಇಡಿಯ ಅಕ್ಕಿಯನ್ನು ಮಾರಿ ನುಚ್ಚನ್ನು ತಮಗಿಟ್ಟುಕೊಳ್ಳುತ್ತಿದ್ದರು. ಕೂಲಿಯನ್ನರಸಿ ಅವರು ಪಟ್ಟಣಕ್ಕೆ ಬಂದಾಗ ನುಚ್ಚೂ ಬಂದಿತು. ಕೆಂಡದ ಮೇಲೆ ಸುಟ್ಟ ಹಂದಿಯ ಮಾಂಸ, ಮೊಟ್ಟೆಯ ಬಿಲ್ಲೆ, ಉಪ್ಪಿನಲ್ಲಿಟ್ಟ ಮೂಲಂಗಿ ಇವುಗಳೊಡನೆ ಸೇರಿ ಅದು ಕ್ರಮೇಣ ನಗರದವರ ತಟ್ಟೆಯನ್ನೇರಿತು. ಬೆಳಗಿನ ಉಪಾಹಾರಕ್ಕೂ ಜನರು ಇದನ್ನೇ ಉಣ್ಣುತ್ತಾರೆ. ಇದಕ್ಕೆ ಚೀನೀಯರ ಕಡ್ಡಿಗಳ ಗೋಜಿಲ್ಲ. ತಟ್ಟೆ, ಚಮಚ, ಮುಳ್ಳುಚಮಚಗಳಷ್ಟೆ.

ಮಾಂಸದ ಮಾತನ್ನೋದಿ ಕೆಲವರು ಮುಖವನ್ನು ಸಿಂಡರಿಸಿರಬಹುದು. ನಮ್ಮೊಡನೆ ಎಪ್ಪತ್ತು ದಾಟಿದ ಸೋದರತ್ತೆಯವರು ಬಂದಿದ್ದರು. ಅವರದು ಕಟ್ಟುನಿಟ್ಟಾದ ಶಾಕಾಹಾರ. ಆ ದೇಶದಲ್ಲಿ ಮಾಂಸವನ್ನು ಬಿಟ್ಟೆವೆಂದ ಮಾತ್ರಕ್ಕೆ ಶಾಕಾಹಾರವಾಗದು. ಸಣ್ಣ ಮೀನನ್ನು ಉಪ್ಪಿನೊಡನೆ ತಿಂಗಳುಗಟ್ಟಲೆ ಕೊಳೆಯಿಸಿ ಇಳಿಸಿದ 'ನುಕ್ ಮಾಮ್' ಎಂಬ ರಸವು ಸೊಪ್ಪಿನ ಪಲ್ಯದಲ್ಲಿಯೂ ಅಡಗಿರುತ್ತದೆ. ಮೂರು ದಿನಗಳಿಂದ ಅತ್ತೆಯವರು ಬಾಳೆಯಹಣ್ಣು, ಎಳನೀರು, ಮನೆಯಿಂದ ತಂದ ಅವಲಕ್ಕಿ ಇವುಗಳಲ್ಲಿಯೇ ಕಾಲವನ್ನು ಕಳೆಯುತ್ತಿದ್ದರು. ನಮಗೆ ಅವರೆದುರು ಉಣ್ಣಲು ಸಂಕೋಚ. ನಾವು ಉಣ್ಣದಿದ್ದರೆ ಅವರಿಗೆ ನೋವು.

ನಾಲ್ಕನೆಯ ದಿನ ಹುಣ್ಣಿಮೆ. ತಮಿಳು ವ್ಯಾಪಾರಿಗಳು ಬೆನ್ ಥಾನ್ ಮಾರುಕಟ್ಟೆಯ ಸಮೀಪದಲ್ಲಿ ಕಟ್ಟಿಸಿದ ಮಾರಿಯಮ್ಮನ ಗುಡಿಗೆ ಹೋಗಿ, ಊದುಬತ್ತಿಗಳನ್ನು ಹಿಡಿದು ನಿಂತ ವಿಯೆಟ್ನಾಮೀ ಹೆಂಗಸರ ನಡುವೆ ಕೈಮುಗಿದು ಹೊರಬಂದೆವು. ಅಲ್ಲಿಂದ ಕೊಂಚ ದೂರದ ಒಂದು ಓಣಿಯಲ್ಲಿ, ಅಂಗಡಿಯೆನ್ನಬೇಕೋ ಮನೆಯೆನ್ನಬೇಕೋ ತಿಳಿಯದಂತಹ ಉಪಾಹಾರಗೃಹವೊಂದು ಕಂಡಿತು. ಮುಂಗೋಣೆಯಲ್ಲಿ ಮೊಣಕಾಲೆತ್ತರದ ಪ್ಲಾಸ್ಟಿಕ್ ಮಣೆಗಳು, ಗೋಡೆಯಲ್ಲಿ ಪೂರ್ವಿಕರ ಪೂಜೆಯ ಪೀಠ. ಬಾಗಿಲಲ್ಲಿ ತೂಗಿದ್ದ ಕಾಗದದ ಮೇಲೆ 'ಚೈ' ಎಂಬ ಪದವಿತ್ತು. ಇದು ನಮ್ಮ ಉತ್ತರದವರು ಕುಡಿಯುವ ಚಹವಲ್ಲ. ಬೌದ್ಧವ್ರತದ ಶಾಕಾಹಾರಕ್ಕೆ ಅಲ್ಲಿ ಈ ಹೆಸರು. ಚಾಂದ್ರಮಾಸದ ಮೊದಲನೆಯ ಮತ್ತು ಹದಿನೈದನೆಯ ದಿನಗಳಲ್ಲಿ ಅಲ್ಲಿಯ ಅನೇಕರು ಮಾಂಸವನ್ನು ಮುಟ್ಟುವುದಿಲ್ಲ. ಅಂದು ಆ ಅಂಗಡಿಯಲ್ಲಿ ಕೆಂಡದ ಒಲೆಯನ್ನೇ ಹೊತ್ತಿಸಿರಲಿಲ್ಲ.

ಅಂಗಡಿಯೊಡತಿಯನ್ನು ಗಿರಾಕಿಗಳು 'ಕೋ ಓಯ್' ಎಂದು ಕೂಗುತ್ತಿದ್ದರು. 'ಕೋ' ಎಂದರೆ ತಂದೆಯ ತಂಗಿ. ಅಂದರೆ ಆಕೆಯೂ ಊರಿಗೆಲ್ಲ ಸೋದರತ್ತೆ! ಆಕೆಯ ಮೊಮ್ಮಗಳು ಇಂಗ್ಲಿಷ್ ಬಲ್ಲವಳು, ದುಭಾಷಿಯಾಗಿ ನಿಂತಳು. ಮೀನಿನ ರಸವಿದೆಯೆ ಎಂದು ನಾವು ಕೇಳಿದೆವು. ಒಡತಿಯು ಉತ್ತರವನ್ನು ಕೊಡದೆ ಅತ್ತೆಯವರ ಕೈಯನ್ನು ಹಿಡಿದು ಅಡಿಗೆಯ ಮನೆಗೇ ಕರೆದೊಯ್ದಳು. ಅಲ್ಲಿ ವ್ರತದ ದಿನಕ್ಕೆಂದೇ ಬೇರೆಯಾಗಿಟ್ಟ ಪಾತ್ರೆಗಳು, ಅನಾನಸಿನ ರಸಕ್ಕೆ ಉಪ್ಪು, ಸಕ್ಕರೆ, ಮೆಣಸಿನಕಾಯಿಗಳನ್ನು ಕೂಡಿಸಿದ ಬೋಗುಣಿ. ಅತ್ತೆಯವರು ಎಲ್ಲವನ್ನೂ ನೋಡಿ, ಮೂಸಿ, ಹೊರಬಂದು ಮಣೆಯ ಮೇಲೆ ಕುಳಿತರು. ನಮಗೆ ಹೋದ ಜೀವ ಬಂದಂತಾಯಿತು.

ತಟ್ಟೆಯ ನಡುವೆ ಬಿಳಿಯ ನುಚ್ಚಿನ ಅನ್ನ. ಉಪ್ಪಿಟ್ಟಿನಷ್ಟು ಉದುರಾಗಿಯೂ ಇಲ್ಲ, ಗಂಜಿಯಂತೆ ಮುದ್ದೆಯೂ ಅಲ್ಲ. ಅದರ ಮೇಲೆ ಬಿಸಿಯೆಣ್ಣೆಯಲ್ಲಿ ಬಾಡಿಸಿದ ಹಸಿಯ ಈರುಳ್ಳಿಸೊಪ್ಪು. ಪಕ್ಕದಲ್ಲಿ ಸೋಯಾ ಅವರೆಯಿಂದ ಮಾಡಿದ ಸುಟ್ಟ ಬಿಲ್ಲೆ, ಹುಳಿಯೇರಿದ ಗಜ್ಜರಿ ಮತ್ತು ಮೂಲಂಗಿಯ ಎಳೆಗಳು, ಸೌತೆಯ ಹೋಳು. ಆದರೆ ಊಟದ ಜೀವವಿರುವುದು 'ಥಿನ್' ಎಂಬ ಪುಡಿಯಲ್ಲಿ. ಅಕ್ಕಿಯನ್ನು ಹೊಂಬಣ್ಣಕ್ಕೆ ಹುರಿದು ಬೀಸಿದ ಈ ಹಿಟ್ಟನ್ನು ಸೋಯಾ ಗಿಣ್ಣಿನ ಸಣ್ಣ ಎಳೆಗಳಿಗೆ ಸವರಿ ಅನ್ನದ ಮೇಲಿಡುತ್ತಾರೆ. ಅದರ ಪರಿಮಳ ಬಂದೊಡನೆ ಅತ್ತೆಯವರು, "ಇದು ನಮ್ಮ ತಂಬಿಟ್ಟಿನ ವಾಸನೆಯಲ್ಲವೇನೋ!" ಎಂದರು, ಎರಡನೆಯ ಸಲ ಅನ್ನವನ್ನು ಹಾಕಿಸಿಕೊಂಡರು.

ನುಚ್ಚನ್ನೇ ಏಕೆ ಮಾಡುತ್ತೀರೆಂದು ಅತ್ತೆಯವರು ಕೇಳಿಸಿದರು. ಅದಕ್ಕೆ ಒಡತಿಯು ಹೇಳಿದುದು ಬೇರೆಯೇ ಕಥೆ. ಯುದ್ಧವು 1975ರಲ್ಲಿ ಮುಗಿದ ಮೇಲಿನ ವರ್ಷಗಳಲ್ಲಿ ಸರ್ಕಾರದ ಚೀಟಿಗೆ ತಕ್ಕಷ್ಟೇ ಅಕ್ಕಿ. ಅದಕ್ಕೆ ಗೆಣಸನ್ನು ಬೆರೆಸಬೇಕು. ಇಲ್ಲವೆ 'ಬೋ ಬೋ' ಎಂದು ಜನರು ಕರೆಯುತ್ತಿದ್ದ, ಎಷ್ಟು ಬೇಯಿಸಿದರೂ ಮೆತ್ತಗಾಗದ ಕಾಳನ್ನು. ಅಂದು ಬರಿಯ ನುಚ್ಚಿನ ಅನ್ನ ಸಿಕ್ಕಿದರೆ ಮಕ್ಕಳಿಗೆ ಹಬ್ಬವಂತೆ. ಆ 'ಬೋ ಬೋ' ಜೋಳದ ಜಾತಿಯೆಂದು ತಿಳಿಯುತ್ತಲೇ ಅತ್ತೆಯವರು ಚಮಚವನ್ನು ಕೆಳಗಿಟ್ಟರು. 1965-66ರ ಬರಗಾಲದಲ್ಲಿ ಅಮೆರಿಕದಿಂದ ಬಂದ ಕೆಂಪು ಜೋಳಕ್ಕಾಗಿ ತಾವೂ ರೇಷನ್ ಅಂಗಡಿಯ ಮುಂದೆ ಚೀಲವನ್ನು ಹಿಡಿದು ನಿಂತಿದ್ದುದನ್ನೂ, ಶಾಸ್ತ್ರಿಗಳ ಮಾತಿನಂತೆ ಸೋಮವಾರದ ರಾತ್ರಿ ಮನೆಯವರೆಲ್ಲ ಉಪವಾಸವಿದ್ದುದನ್ನೂ ಹೇಳಿದರು. ಮೊಮ್ಮಗಳು ಅಜ್ಜಿಗೆ ತಿಳಿಸುತ್ತ ತಿಳಿಸುತ್ತ ತಾನೇ ಬೆರಗಾದಳು. ಅಜ್ಜಿಯ ಈ ಮಾತುಗಳನ್ನು ಅವಳೂ ಅಂದೇ ಮೊದಲು ಕೇಳಿದ್ದಂತೆ. ಅವಳು ಹುಟ್ಟುವ ಹೊತ್ತಿಗೆ ಕಾಲ ಬದಲಾಗಿತ್ತು. 1986ರ ಸುಧಾರಣೆಗಳ ತರುವಾಯ ರೈತರಿಗೆ ಬೆಳೆಯ ಮೇಲೆ ಹಕ್ಕು ಬಂದು, 1989ರಿಂದ ಆ ದೇಶವು ಅಕ್ಕಿಯನ್ನು ಹೇರಳವಾಗಿ ಹೊರಕ್ಕೆ ಕಳುಹಿಸತೊಡಗಿತು. "ಈಗ ನುಚ್ಚನ್ನು ಇಡೀ ಅಕ್ಕಿಯಂತೆಯೇ ಬೆಲೆಕೊಟ್ಟು ತರುತ್ತೇವೆ" ಎಂದು ಅಜ್ಜಿ ನಕ್ಕಳು.

ತಟ್ಟೆಯೊಂದಕ್ಕೆ 40,000 ಡಾಂಗ್. ಗಾಬರಿಯಾಗಬೇಡಿ, ನಮ್ಮ ಸುಮಾರು 130 ರೂಪಾಯಿ. ಮಂಜಿನಗಡ್ಡೆ ಹಾಕಿದ ತಿಳಿಯಾದ ಚಹಕ್ಕೆ ಹಣವಿಲ್ಲ. ಎರಡನೆಯ ಸಲದ ಅನ್ನಕ್ಕೂ ತೆಗೆದುಕೊಳ್ಳಲಿಲ್ಲ. ಹದಿನೈದು ದಿನಗಳ ಮೇಲೆ, ತಿಂಗಳ ಮೊದಲ ದಿನ ಮತ್ತೆ 'ಚೈ' ಉಂಟು, ಬನ್ನಿರೆಂದು ಒಡತಿಯು ಕರೆದಳು. ಅಷ್ಟರಲ್ಲಿ ನಾವು ಊರಿಗೆ ಮರಳಿರುತ್ತೇವೆಂದು ಹುಡುಗಿಯು ತಿಳಿಸಿದಾಗ ಒಳಗೆ ಹೋಗಿ, ಹುರಿದ ಅಕ್ಕಿಯ ಪುಡಿಯ ಪೊಟ್ಟಣವೊಂದನ್ನು ತಂದು ಎರಡು ಕೈಗಳಿಂದಲೂ ಹಿಡಿದು ಅತ್ತೆಯವರಿಗೆ ಕೊಟ್ಟಳು. ಅತ್ತೆಯವರು ಕೈಚೀಲದಿಂದ ಅರಿಶಿನ ಕುಂಕುಮಗಳ ಸಣ್ಣ ಭರಣಿಗಳನ್ನು ತೆಗೆದು, ಕೊಡಬಹುದೆ ಎಂಬಂತೆ ನಮ್ಮ ಮುಖವನ್ನು ನೋಡಿದರು.